ಚಿಪ್ ಕಾರ್ಖಾನೆಯಲ್ಲಿ ಪ್ರೊಸೆಸ್ ಇಂಜಿನಿಯರ್ ಆಗುವುದು ಹೇಗೆ: ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಸೆಮಿಕಂಡಕ್ಟರ್ ಉದ್ಯೋಗ ಎಂದೊಡನೆ ನಮ್ಮ ಜಿಲ್ಲೆಯ ಹೆಚ್ಚಿನ ವಿದ್ಯಾರ್ಥಿಗಳಿಗೆ ನೆನಪಾಗುವುದು ಬೆಂಗಳೂರಿನ ಚಿಪ್ ವಿನ್ಯಾಸದ ಕೆಲಸ. ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುವವರಿರಲಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡುವವರಿರಲಿ, ಗಡಿ ದಾಟಿ ಮಂಗಳೂರಿಗೋ ಸುರತ್ಕಲ್ಲಿಗೋ ಹೋಗುವವರಿರಲಿ, ವಿನ್ಯಾಸದ ಆಚೆಗೆ ತಯಾರಿಕೆ ಎಂಬ ಇನ್ನೊಂದು ದಾರಿಯಿದೆ ಎಂಬುದನ್ನು ಅವರಿಗೆ ಹೇಳುವವರು ಕಡಿಮೆ. ಈ ಬರಹ ಆ ದಾರಿಯ ಮೊದಲ ಮೆಟ್ಟಿಲಾದ ಕಿರಿಯ ಪ್ರೊಸೆಸ್ ಇಂಜಿನಿಯರ್ ಹುದ್ದೆಯ ಕುರಿತಾದದ್ದು. ಈ ಕೆಲಸಕ್ಕೆ ಸಿದ್ಧರಾಗುವವರು ಕ್ವಾಂಟಮ್ ಭೌತಶಾಸ್ತ್ರಕ್ಕೆ ಕೊಡುವ ಸಮಯದ ಅರ್ಧವನ್ನಾದರೂ ಸಂಖ್ಯಾಶಾಸ್ತ್ರಕ್ಕೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ಹಂತ 1: ಯಾವ ಕೆಲಸ, ಎಲ್ಲಿ ಎಂಬುದನ್ನು ತಿಳಿದುಕೊಳ್ಳಿ

ಚಿಪ್ ತಯಾರಿಕೆಯಲ್ಲಿ ಎರಡು ಬೇರೆ ಬೇರೆ ಬಗೆಯ ಕಾರ್ಖಾನೆಗಳಿವೆ. ವೇಫರ್ ಎಂಬ ಸಿಲಿಕಾನ್‌ನ ತೆಳು ಬಿಲ್ಲೆಯ ಮೇಲೆ ಟ್ರಾನ್ಸಿಸ್ಟರ್‌ಗಳನ್ನೂ ಲೋಹದ ತಂತುಗಳನ್ನೂ ಪದರ ಪದರವಾಗಿ ಕಟ್ಟುವ ಕಾರ್ಖಾನೆಯನ್ನು ಫ್ಯಾಬ್ ಎನ್ನುತ್ತಾರೆ. ಅಲ್ಲಿಂದ ಬಂದ ವೇಫರನ್ನು ಕತ್ತರಿಸಿ, ಪ್ರತಿ ತುಂಡನ್ನು ತಳಕ್ಕೆ ಅಂಟಿಸಿ, ತಂತಿ ಜೋಡಿಸಿ, ರಾಳದಲ್ಲಿ ಮುಚ್ಚಿ, ಪರೀಕ್ಷಿಸಿ ಕಳುಹಿಸುವ ಕಾರ್ಖಾನೆಯನ್ನು ಪ್ಯಾಕೇಜಿಂಗ್ ಘಟಕ ಅಥವಾ ಓಸ್ಯಾಟ್ ಎನ್ನುತ್ತಾರೆ. ಭಾರತದಲ್ಲಿ ಮೊಹಾಲಿಯ ಸರಕಾರಿ ಸೆಮಿಕಂಡಕ್ಟರ್ ಪ್ರಯೋಗಾಲಯದಲ್ಲಿ 180 ನ್ಯಾನೋಮೀಟರ್ ತಂತ್ರಜ್ಞಾನದ ಫ್ಯಾಬ್ ಇದೆ. ಗುಜರಾತಿನ ಧೋಲೇರಾದಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ತೈವಾನಿನ ಪಿಎಸ್‌ಎಂಸಿ ಜತೆಗೂಡಿ ಕೈಗೆತ್ತಿಕೊಂಡಿರುವ ಫ್ಯಾಬ್‌ಗೆ 2024ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು; ತಿಂಗಳಿಗೆ 50,000 ವೇಫರ್ ಅದರ ಯೋಜಿತ ಸಾಮರ್ಥ್ಯ. ಪ್ಯಾಕೇಜಿಂಗ್ ಕಡೆಗೆ ಬಂದರೆ ಗುಜರಾತಿನ ಸಾನಂದ್‌ನಲ್ಲಿ ಮೈಕ್ರಾನ್, ಸಿಜಿ ಸೆಮಿ ಮತ್ತು ಕೇನ್ಸ್ ಘಟಕಗಳೂ ಅಸ್ಸಾಮಿನ ಜಾಗಿರೋಡ್‌ನಲ್ಲಿ ಟಾಟಾ ಸಂಸ್ಥೆಯ ಘಟಕವೂ ಇವೆ.

ಇವುಗಳಲ್ಲಿ ಯಾವುದೂ ಕಾಸರಗೋಡಿಗೆ ಹತ್ತಿರವಿಲ್ಲ. ಊರು ಬಿಡದೆ ಈ ಕೆಲಸ ಸಾಧ್ಯವಿಲ್ಲವೆಂಬುದನ್ನು ಮನೆಯವರಿಗೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಲ್ಲಿ ರಾಷ್ಟ್ರಗಳಿಗೆ ಮಕ್ಕಳನ್ನು ಕಳುಹಿಸಿ ಅಭ್ಯಾಸವಿರುವ ಜಿಲ್ಲೆಗೆ ಇದೇನೂ ಹೊಸತಲ್ಲ. ಕೊಂಕಣ ರೈಲು ಮಾರ್ಗವಾಗಿ ಗುಜರಾತಿಗೆ ಹೋಗುವ ಗಾಡಿಗಳೂ ನಮ್ಮ ಊರಿನ ಮೂಲಕವೇ ಹಾದುಹೋಗುತ್ತವೆ.

ಒಂದೇ ಕಾರ್ಖಾನೆಯೊಳಗೂ ಹುದ್ದೆಗಳು ಬೇರೆ ಬೇರೆ. ಯಂತ್ರ ಕೆಟ್ಟರೆ ಸರಿಪಡಿಸುವವರು ಈಕ್ವಿಪ್‌ಮೆಂಟ್ ಇಂಜಿನಿಯರ್. ನೂರಾರು ಹಂತಗಳನ್ನು ಒಂದಕ್ಕೊಂದು ಹೊಂದಿಸಿ ಕೊನೆಗೆ ಚಿಪ್ ಕೆಲಸ ಮಾಡುವಂತೆ ನೋಡಿಕೊಳ್ಳುವವರು ಇಂಟಿಗ್ರೇಷನ್ ಇಂಜಿನಿಯರ್. ಇವರ ನಡುವೆ ಒಂದು ನಿರ್ದಿಷ್ಟ ಹಂತದ, ಉದಾಹರಣೆಗೆ ಪದರವನ್ನು ಕೊರೆಯುವ ಎಚಿಂಗ್ ಅಥವಾ ಚಿಪ್‌ಗೆ ತಂತಿ ಜೋಡಿಸುವ ವೈರ್ ಬಾಂಡಿಂಗ್‌ನ, ಫಲಿತಾಂಶ ದಿನವೂ ಒಂದೇ ರೀತಿ ಬರುವಂತೆ ಕಾಯುವವರು ಪ್ರೊಸೆಸ್ ಇಂಜಿನಿಯರ್. ಹೊಸತನ್ನು ಕಂಡುಹಿಡಿಯುವ ಅವಕಾಶ ಆರಂಭದ ವರ್ಷಗಳಲ್ಲಿ ಕಡಿಮೆ. ನಿನ್ನೆ ಬಂದ ಫಲಿತಾಂಶ ಇಂದೂ ಬರುವಂತೆ ನೋಡಿಕೊಳ್ಳುವುದೇ ಆಗ ದಿನದ ಕೆಲಸ.

ಹಂತ 2: ಓದು

ಡಿಪ್ಲೊಮಾ ಪಡೆದವರು ಸಾಮಾನ್ಯವಾಗಿ ಟೆಕ್ನೀಷಿಯನ್ ಆಗಿ ಸೇರುತ್ತಾರೆ. ಇಂಜಿನಿಯರ್ ಹುದ್ದೆಗೆ ಎಲೆಕ್ಟ್ರಾನಿಕ್ಸ್, ಕೆಮಿಕಲ್, ಮೆಕ್ಯಾನಿಕಲ್, ಮೆಟೀರಿಯಲ್ಸ್ ವಿಭಾಗದ ಬಿ.ಟೆಕ್., ಇಲ್ಲವೇ ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದ ಎಂ.ಎಸ್ಸಿ. ಸಾಲುತ್ತದೆ. ಪ್ಲಾಸ್ಮಾ, ನಿರ್ವಾತ, ಅನಿಲಗಳ ಹರಿವು, ರಾಸಾಯನಿಕ ಕ್ರಿಯೆಯ ವೇಗ ಇವೆಲ್ಲ ದಿನದ ಮಾತುಗಳಾದುದರಿಂದ ಕೆಮಿಕಲ್ ಇಂಜಿನಿಯರಿಂಗ್ ಓದಿದವರು ಇಲ್ಲಿ ಪರಕೀಯರಲ್ಲ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ 2023ರಲ್ಲಿ ಚಿಪ್ ತಯಾರಿಕೆಗೆಂದೇ ಡಿಪ್ಲೊಮಾ ಪಠ್ಯಕ್ರಮವೊಂದನ್ನು ರೂಪಿಸಿದೆ. ಪಾಲಿಟೆಕ್ನಿಕ್ ಸೇರುವವರು ಅದಿರುವ ಕಾಲೇಜನ್ನು ವಿಚಾರಿಸಬಹುದು.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪ್ಲಸ್ ಟುವಿನಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹೊರಳಿದವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ಒಂದು ಮಾತು: ಕಾರ್ಖಾನೆಯಲ್ಲಿ ಬೇಕಾಗುವುದು ನಿರರ್ಗಳವಾದ ಇಂಗ್ಲಿಷ್ ಭಾಷಣವಲ್ಲ, ತಪ್ಪಿಗೆ ಎಡೆಯಿಲ್ಲದ ಸಣ್ಣ ವಾಕ್ಯಗಳ ಬರವಣಿಗೆ. ಕಾಲೇಜಿನ ಪ್ರತಿ ಪ್ರಯೋಗದ ಬಳಿಕ ಏನು ಮಾಡಿದೆ, ಏನು ಅಳೆದೆ, ಏನು ನಿರೀಕ್ಷೆಗಿಂತ ಬೇರೆಯಾಗಿತ್ತು ಎಂದು ಐದು ಸಾಲು ಬರೆಯುವ ಅಭ್ಯಾಸವಿಟ್ಟುಕೊಂಡರೆ ಸಾಕು. ಇನ್ನೊಂದೆಡೆ ಕನ್ನಡ, ತುಳು, ಮಲೆಯಾಳಗಳ ನಡುವೆ ಬೆಳೆದವರಿಗೆ ಸಾನಂದ್‌ನಲ್ಲಿ ಆಪರೇಟರ್‌ಗಳೊಡನೆ ಹಿಂದಿಯಲ್ಲಿ ವ್ಯವಹರಿಸುವುದು ಅಷ್ಟು ಕಷ್ಟವಾಗಲಾರದು. ಯಂತ್ರದ ನಿಜಸ್ಥಿತಿ ಮೊದಲು ತಿಳಿಯುವುದು ಆಪರೇಟರ್‌ಗಳಿಗೇ ಆದುದರಿಂದ ಆ ಮಾತುಕತೆಗೆ ಬೆಲೆಯಿದೆ.

ಹಂತ 3: ಒಂದು ಸರಣಿಯನ್ನು ಆಳವಾಗಿ ಕಲಿಯಿರಿ

ಉತ್ಕರ್ಷಣ, ಪದರ ಹರಡಿಕೆ, ಬೆಳಕಿನಿಂದ ವಿನ್ಯಾಸ ಮೂಡಿಸುವ ಲಿಥೋಗ್ರಫಿ, ಎಚಿಂಗ್, ಅಯಾನ್ ಇಂಪ್ಲಾಂಟೇಷನ್, ಹೊಳಪು ಕೊಡುವ ಸಿಎಂಪಿ, ಶುದ್ಧೀಕರಣ: ಹೀಗೆ ಎಲ್ಲ ಪ್ರಕ್ರಿಯೆಗಳ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬರುವವರು ಸಂದರ್ಶನದ ಎರಡನೆಯ ಪ್ರಶ್ನೆಗೇ ತಡವರಿಸುತ್ತಾರೆ. ಅದರ ಬದಲು ಆಕ್ಸೈಡ್ ಬೆಳೆಸಿ, ಅದರಲ್ಲೊಂದು ಕಿಂಡಿ ಕೊರೆಯುವ ಸರಣಿಯನ್ನು ಕೊನೆಯವರೆಗೆ ತಿಳಿದುಕೊಳ್ಳಿ. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬಿಸಿಯ ಕುಲುಮೆಯಲ್ಲಿ ಆಮ್ಲಜನಕ ಹಾಯಿಸಿದಾಗ ಸಿಲಿಕಾನ್‌ನ ಮೇಲೆ ಆಕ್ಸೈಡ್ ಬೆಳೆಯುತ್ತದೆ; 100 ನ್ಯಾನೋಮೀಟರ್ ಆಕ್ಸೈಡ್ ಬೆಳೆಯಲು ಸುಮಾರು 44 ನ್ಯಾನೋಮೀಟರ್ ಸಿಲಿಕಾನ್ ಖರ್ಚಾಗುತ್ತದೆ. ಅದರ ಮೇಲೆ ಬೆಳಕಿಗೆ ಸ್ಪಂದಿಸುವ ರೆಸಿಸ್ಟ್ ದ್ರವವನ್ನು ಹನಿಸಿ, ವೇಫರನ್ನು ನಿಮಿಷಕ್ಕೆ ಸಾವಿರಾರು ಸುತ್ತಿನ ವೇಗದಲ್ಲಿ ತಿರುಗಿಸಿ ತೆಳುವಾಗಿ ಹರಡಿ, ಕಾಯಿಸಿ, ಮಾಸ್ಕ್‌ನ ಮೂಲಕ ನೇರಳಾತೀತ ಬೆಳಕು ಬಿಟ್ಟು, ಡೆವಲಪರ್‌ನಲ್ಲಿ ತೊಳೆದು, ಕಿಂಡಿಯ ಅಗಲವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಬಳಿಕ ಫ್ಲೋರಿನ್ ಇರುವ ಅನಿಲದ ಪ್ಲಾಸ್ಮಾದಲ್ಲಿ ಆಕ್ಸೈಡನ್ನು ಕೊರೆದು, ಉಳಿದ ರೆಸಿಸ್ಟನ್ನು ಆಮ್ಲಜನಕದ ಪ್ಲಾಸ್ಮಾದಲ್ಲಿ ಸುಟ್ಟು ತೆಗೆಯುತ್ತಾರೆ.

ಪ್ರತಿ ಹಂತಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಏನನ್ನು ಬದಲಿಸಬಹುದು? ಏನನ್ನು ಅಳೆಯುತ್ತೇವೆ? ಕೆಟ್ಟರೆ ಸರಿಪಡಿಸಬಹುದೇ? ಮೂರನೆಯ ಪ್ರಶ್ನೆಯನ್ನು ಪುಸ್ತಕಗಳು ಅಷ್ಟಾಗಿ ಕೇಳುವುದಿಲ್ಲ, ಕಾರ್ಖಾನೆ ಮಾತ್ರ ದಿನವೂ ಕೇಳುತ್ತದೆ. ಲಿಥೋಗ್ರಫಿಯಲ್ಲಿ ಅಗಲ ತಪ್ಪಿದರೆ ರೆಸಿಸ್ಟ್ ಕರಗಿಸಿ ಮತ್ತೆ ಹರಡಬಹುದು. ಎಚಿಂಗ್ ಆದ ಮೇಲೆ ಹೋದ ಆಕ್ಸೈಡ್ ತಿರುಗಿ ಬಾರದು. ಆದ್ದರಿಂದಲೇ ಎಚಿಂಗ್‌ಗೆ ಮೊದಲಿನ ಅಳತೆಗೆ ಅಷ್ಟೊಂದು ಮಹತ್ವ.

ಈಗ ಒಂದು ಲೆಕ್ಕ. ಆಕ್ಸೈಡಿನ ದಪ್ಪ 100 ನ್ಯಾನೋಮೀಟರ್, ಎಚಿಂಗ್ ವೇಗ ನಿಮಿಷಕ್ಕೆ 120 ನ್ಯಾನೋಮೀಟರ್, ಅಂದರೆ ಸೆಕೆಂಡಿಗೆ 2. ಹಾಗಾದರೆ 50 ಸೆಕೆಂಡ್ ಸಾಕಲ್ಲವೇ? ಸಾಲದು. ವೇಫರ್‌ನ ಅಂಚಿನಲ್ಲಿ ವೇಗ ಶೇಕಡಾ 10ರಷ್ಟು ಕಡಿಮೆಯಿದ್ದರೆ ಅಲ್ಲಿ 55.6 ಸೆಕೆಂಡ್ ಬೇಕಾಗುತ್ತದೆ. ಆದುದರಿಂದ ಶೇಕಡಾ 20 ಹೆಚ್ಚುವರಿ ಎಚಿಂಗ್ ಸೇರಿಸಿ 60 ಸೆಕೆಂಡ್ ಇಡುತ್ತಾರೆ. ಆಗ ಕಿಂಡಿ ಬೇಗ ತೆರೆದುಕೊಂಡ ನಡುಭಾಗದಲ್ಲಿ ಕೊನೆಯ 10 ಸೆಕೆಂಡ್ ಕೆಳಗಿನ ಸಿಲಿಕಾನ್ ಸವೆಯುತ್ತದೆ. ಸಿಲಿಕಾನ್‌ಗಿಂತ ಆಕ್ಸೈಡ್ 10 ಪಟ್ಟು ವೇಗವಾಗಿ ಕರಗುವ ರೆಸಿಪಿಯಾದರೆ (ಯಂತ್ರಕ್ಕೆ ಕೊಡುವ ಅನಿಲ, ಒತ್ತಡ, ಸಮಯ ಮುಂತಾದವುಗಳ ಪಟ್ಟಿಗೆ ರೆಸಿಪಿ ಎನ್ನುತ್ತಾರೆ) ಸವೆತ 2 ನ್ಯಾನೋಮೀಟರ್ ಮಾತ್ರ. ಈ ಸಣ್ಣ ಲೆಕ್ಕದಲ್ಲಿ ವೇಗ, ಏಕರೂಪತೆ, ಬೇಕಾದ ಪದರವನ್ನಷ್ಟೇ ಕೊರೆಯುವ ಆಯ್ಕೆಶಕ್ತಿ ಮೂರೂ ಬಂದುಬಿಟ್ಟವು. ಕಾಗದದ ಮೇಲೆ ಇದನ್ನು ಬಿಡಿಸಿ ತೋರಿಸಬಲ್ಲ ಅಭ್ಯರ್ಥಿಗೆ ಸಂದರ್ಶಕರ ಗೌರವ ಕೂಡಲೇ ಸಿಗುತ್ತದೆ.

ಪ್ಯಾಕೇಜಿಂಗ್ ಕಡೆಗೆ ಹೋಗುವವರು ಇದೇ ರೀತಿಯಲ್ಲಿ ವೈರ್ ಬಾಂಡಿಂಗ್ ಹಂತವನ್ನು ತಿಳಿದುಕೊಳ್ಳಬೇಕು: ಅಲ್ಟ್ರಾಸಾನಿಕ್ ಶಕ್ತಿ, ಒತ್ತುವ ಬಲ, ಸಮಯ ಮತ್ತು ಉಷ್ಣತೆ ನಾವು ಬದಲಿಸುವವು, ತಂತಿಯನ್ನು ಎಳೆದು ನೋಡುವ ಪುಲ್ ಟೆಸ್ಟ್ ಮತ್ತು ಬಾಂಡನ್ನು ಪಕ್ಕದಿಂದ ತಳ್ಳಿ ನೋಡುವ ಶಿಯರ್ ಟೆಸ್ಟ್ ನಾವು ಅಳೆಯುವವು. ಫ್ಯಾಬ್‌ನ ಕೆಲಸಕ್ಕಿಂತ ಪ್ಯಾಕೇಜಿಂಗ್ ಕೀಳೆಂಬ ಭಾವನೆ ಕಾಲೇಜುಗಳಲ್ಲಿ ಇರುವುದುಂಟು. ಅದು ಸರಿಯಲ್ಲ. ಅಲ್ಲಿ ಕಲಿತ ದತ್ತಾಂಶ ಶಿಸ್ತು ಫ್ಯಾಬ್‌ನಲ್ಲೂ ಹಾಗೆಯೇ ಉಪಯೋಗಕ್ಕೆ ಬರುತ್ತದೆ, ಮೊದಲ ಅವಕಾಶ ಅಲ್ಲಿ ಸಿಕ್ಕಿದರೆ ಬಿಡಬಾರದು.

ಹಂತ 4: ಸಂಖ್ಯಾಶಾಸ್ತ್ರ

ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ, ಅಳತೆಗಳನ್ನು ಒಂದರ ನಂತರ ಒಂದಾಗಿ ಗುರುತಿಸುವ ಕಂಟ್ರೋಲ್ ಚಾರ್ಟ್ ಇಂದಿಗೂ ಪ್ರೊಸೆಸ್ ಇಂಜಿನಿಯರ್‌ನ ಮೊದಲ ಉಪಕರಣ. ಅದರಲ್ಲಿ ಎರಡು ಬಗೆಯ ಗೆರೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಸ್ಪೆಸಿಫಿಕೇಷನ್ ಮಿತಿಯನ್ನು ಗ್ರಾಹಕರು ಅಥವಾ ವಿನ್ಯಾಸಕಾರರು ನಿಗದಿಪಡಿಸುತ್ತಾರೆ. ಅದನ್ನು ಮೀರಿದರೆ ಮಾಲು ಕೆಟ್ಟಂತೆ. ಕಂಟ್ರೋಲ್ ಮಿತಿಯಾದರೋ ಯಂತ್ರದ ಸಹಜ ಏರಿಳಿತದಿಂದಲೇ, ಸರಾಸರಿಯಿಂದ ಮೂರು ಸಿಗ್ಮಾ (ಸಿಗ್ಮಾ ಎಂದರೆ ಅಳತೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಮಾಪನ) ದೂರದಲ್ಲಿ ಬರುವಂಥದು. ಅದನ್ನು ಮೀರಿದರೆ ಮಾಲು ಇನ್ನೂ ಚೆನ್ನಾಗಿದ್ದರೂ ಯಂತ್ರದಲ್ಲಿ ಏನೋ ಬದಲಾಗಿದೆ ಎಂದು ಅರ್ಥ. ಅಡಿಕೆ ತೋಟವಿರುವ ಮನೆಯವರಿಗೆ ಇದು ಸುಲಭವಾಗಿ ಹೊಳೆಯುತ್ತದೆ: ಮಹಾಳಿ ತಗಲಿ ಕಾಯಿ ಉದುರಿದ ಮೇಲೆ ಮದ್ದು ಬಿಡುವವರಿಲ್ಲ, ಮಳೆಗಾಲದ ಆರಂಭದಲ್ಲೇ ಬಿಡುತ್ತಾರೆ.

ಆಕ್ಸೈಡಿನ ಗುರಿ 100, ಸ್ಪೆಸಿಫಿಕೇಷನ್ 95ರಿಂದ 105 ಎಂದಿಟ್ಟುಕೊಳ್ಳಿ, ಸಿಗ್ಮಾ 1. ಸಿಪಿ ಎಂಬ ಸಾಮರ್ಥ್ಯ ಸೂಚಿ ಎಂದರೆ ಸ್ಪೆಸಿಫಿಕೇಷನ್‌ನ ಅಗಲವನ್ನು ಆರು ಸಿಗ್ಮಾದಿಂದ ಭಾಗಿಸಿದ್ದು, ಇಲ್ಲಿ 1.67. ಸರಾಸರಿ 101.5ಕ್ಕೆ ಜಾರಿದೆ ಎನ್ನೋಣ. ಸಿಪಿ ಹಾಗೆಯೇ ಇರುತ್ತದೆ, ಆದರೆ ಹತ್ತಿರದ ಮಿತಿಗಿರುವ ದೂರವನ್ನು ಮೂರು ಸಿಗ್ಮಾದಿಂದ ಭಾಗಿಸಿದ ಸಿಪಿಕೆ 1.17ಕ್ಕೆ ಇಳಿಯುತ್ತದೆ. ಅನೇಕ ಕಡೆ ಕನಿಷ್ಠವೆಂದು ಪರಿಗಣಿಸುವ 1.33ಕ್ಕಿಂತ ಇದು ಕಡಿಮೆ. ಗಮನಿಸಿ: ಒಂದು ವೇಫರೂ ಸ್ಪೆಸಿಫಿಕೇಷನ್ ಮೀರಿಲ್ಲ. ಮೂರು ಸಿಗ್ಮಾದ ಕಂಟ್ರೋಲ್ ಮಿತಿಯಾದ 103ನ್ನೂ ಮೀರದಿರಬಹುದು. ಆದರೂ ವೆಸ್ಟರ್ನ್ ಎಲೆಕ್ಟ್ರಿಕ್ ನಿಯಮಗಳ ಪ್ರಕಾರ ಸತತ ಎಂಟು ಬಿಂದುಗಳು ಮಧ್ಯರೇಖೆಯ ಒಂದೇ ಬದಿಯಲ್ಲಿ ಬಿದ್ದರೆ ಅದು ಎಚ್ಚರಿಕೆ. ಒಂದು ಬಿಂದು ಮೂರು ಸಿಗ್ಮಾ ಮೀರುವುದು, ಸತತ ಮೂರರಲ್ಲಿ ಎರಡು ಒಂದೇ ಬದಿಯಲ್ಲಿ ಎರಡು ಸಿಗ್ಮಾ ಮೀರುವುದು, ಐದರಲ್ಲಿ ನಾಲ್ಕು ಹಾಗೆಯೇ ಒಂದು ಸಿಗ್ಮಾ ಮೀರುವುದು ಉಳಿದ ಮೂರು ನಿಯಮಗಳು.

ಅಭ್ಯಾಸಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಲಿಬ್ರೆ ಆಫೀಸಿನ ಸ್ಪ್ರೆಡ್‌ಶೀಟ್‌ನಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸಿ, ನಡುವೆಲ್ಲೋ ಸರಾಸರಿಯನ್ನು ನೀವೇ ಒಂದೂವರೆ ಸಿಗ್ಮಾ ಜಾರಿಸಿ, ಯಾವ ನಿಯಮ ಎಷ್ಟು ಬೇಗ ಹಿಡಿಯುತ್ತದೆಂದು ನೋಡಿ. ಬಳಿಕ ಪೈಥಾನ್‌ಗೆ ಹೋಗಿ. ಯುಸಿಐ ದತ್ತಾಂಶ ಸಂಗ್ರಹದಲ್ಲಿ ಸೆಕಾಂ ಎಂಬ, ನಿಜವಾದ ಚಿಪ್ ತಯಾರಿಕೆಯಿಂದ ಬಂದ ದತ್ತಾಂಶ ಉಚಿತವಾಗಿ ಸಿಗುತ್ತದೆ: 1,567 ದಾಖಲೆಗಳು, ಪ್ರತಿಯೊಂದಕ್ಕೂ 590 ಸೆನ್ಸರ್ ಅಳತೆಗಳು, ಆ ದಾಖಲೆಗಳಲ್ಲಿ 104 ಮಾತ್ರ ವಿಫಲ. ಬಿಟ್ಟುಹೋದ ಅಳತೆಗಳು, ಬದಲಾಗದೆ ನಿಂತ ಸೆನ್ಸರ್‌ಗಳು ಎಲ್ಲವೂ ಅದರಲ್ಲಿವೆ. ಮಾದರಿ ಕಟ್ಟುವ ಆತುರಕ್ಕಿಂತ ಮೊದಲು ಯಾವ ಅಳತೆಯನ್ನು ನಂಬಬಹುದು, ಯಾವುದನ್ನು ಬಿಡಬೇಕು ಎಂದು ಒಂದು ಪುಟ ಬರೆಯಿರಿ. ಆ ಪುಟವೇ ನಿಮ್ಮ ಬಯೋಡೇಟಾದ ಅತ್ಯುತ್ತಮ ಭಾಗವಾದೀತು.

ಇದರೊಂದಿಗೆ ಪ್ರಯೋಗ ವಿನ್ಯಾಸವನ್ನೂ ಕಲಿಯಿರಿ. ಮೂರು ಅಂಶಗಳನ್ನು ಎರಡೆರಡು ಮಟ್ಟದಲ್ಲಿ ಬದಲಿಸಿದರೆ ಎಂಟು ಪ್ರಯೋಗಗಳಲ್ಲಿ ಪ್ರತಿಯೊಂದರ ಪರಿಣಾಮವೂ ಅವುಗಳ ಪರಸ್ಪರ ಪ್ರಭಾವವೂ ತಿಳಿಯುತ್ತದೆ. ಒಂದೊಂದನ್ನೇ ಬದಲಿಸುತ್ತ ಹೋದರೆ ಆ ಪರಸ್ಪರ ಪ್ರಭಾವ ಕಣ್ಣಿಗೆ ಬೀಳುವುದೇ ಇಲ್ಲ.

ಹಂತ 5: ಕೈಯಾರೆ ಮಾಡಿದ ಅನುಭವ

ಫ್ಯಾಬ್ ಒಳಗೆ ಹೋಗದೆ ಫ್ಯಾಬ್ ಅನುಭವ ಪಡೆಯುವುದು ಕಷ್ಟ, ಅಸಾಧ್ಯವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ದೊಡ್ಡ ಕ್ಲೀನ್‌ರೂಮ್, ಅಂದರೆ ಗಾಳಿಯ ಧೂಳನ್ನು ಸೋಸಿ ತೆಗೆದ ಕೊಠಡಿ, ಇದೆ. ಕೇಂದ್ರ ಸರಕಾರದ ನೆರವಿನ ಐಎನ್‌ಯುಪಿ ಕಾರ್ಯಕ್ರಮದ ಮೂಲಕ ಹೊರಗಿನ ಕಾಲೇಜಿನ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಅಲ್ಲಿ ತರಬೇತಿಯ ಅವಕಾಶವಿದೆ. ಕಾಲೇಜಿನ ಅಧ್ಯಾಪಕರೊಬ್ಬರನ್ನು ಜತೆಗೆ ಸೇರಿಸಿಕೊಂಡು ಅರ್ಜಿ ಹಾಕುವುದು ಹೆಚ್ಚು ಫಲಕಾರಿ. ಅದಾಗದಿದ್ದರೆ ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಮೈಕ್ರೋ ಫ್ಯಾಬ್ರಿಕೇಷನ್ ಪಾಠಗಳಿವೆ. ಕಾಲೇಜಿನಲ್ಲಿರುವ ನಿರ್ವಾತ ಲೇಪನ ಯಂತ್ರ, ಸ್ಪಿನ್ ಕೋಟರ್, ಫೋರ್ ಪಾಯಿಂಟ್ ಪ್ರೋಬ್‌ಗಳಲ್ಲಿ ಯಾವುದಾದರೊಂದನ್ನು ಹಿಡಿದು, ಒಂದೇ ಮಾದರಿಯನ್ನು ಮತ್ತೆ ಮತ್ತೆ ಅಳೆದು, ಅಳತೆಯ ಉಪಕರಣವೇ ಎಷ್ಟು ಏರಿಳಿಯುತ್ತದೆಂದು ಲೆಕ್ಕ ಹಾಕುವುದು ಕೂಡ ಒಳ್ಳೆಯ ಯೋಜನೆಯೇ.

ಹಂತ 6: ಕ್ಲೀನ್‌ರೂಮ್ ಮತ್ತು ಸುರಕ್ಷತೆ

ಐಎಸ್‌ಒ 5 ದರ್ಜೆಯ ಕ್ಲೀನ್‌ರೂಮಿನ ಒಂದು ಘನಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನಿಗಿಂತ ದೊಡ್ಡ ಕಣಗಳು 3,520ಕ್ಕಿಂತ ಹೆಚ್ಚಿರಬಾರದು. ಕಾರಣ ಸರಳ: ಒಂದು ಚದರ ಸೆಂಟಿಮೀಟರ್ ಚಿಪ್‌ಗೆ ದೋಷ ಸಾಂದ್ರತೆ ಚದರ ಸೆಂಟಿಮೀಟರಿಗೆ 0.1 ಇದ್ದರೆ ಸರಳ ಪಾಯ್ಸಾನ್ ಸೂತ್ರದ ಪ್ರಕಾರ ಶೇಕಡಾ 90ರಷ್ಟು ಚಿಪ್‌ಗಳು ಉಳಿಯುತ್ತವೆ, 0.5ಕ್ಕೇರಿದರೆ ಶೇಕಡಾ 61ಕ್ಕೆ ಇಳಿಯುತ್ತದೆ. ಹಣೆಯ ಗಂಧ, ಕುಂಕುಮ, ಮುಖದ ಪೌಡರ್, ಮುಡಿದ ಮಲ್ಲಿಗೆ ಎಲ್ಲವನ್ನೂ ಹೊರಗೇ ಬಿಡಬೇಕು. ಬೆವರಿನಲ್ಲಿರುವ ಸೋಡಿಯಂ ಗೇಟ್ ಆಕ್ಸೈಡಿನೊಳಗೆ ಸೇರಿದರೆ ಟ್ರಾನ್ಸಿಸ್ಟರ್‌ನ ವೋಲ್ಟೇಜ್ ಜಾರುತ್ತದೆ. ಕೈಗವಸಿಲ್ಲದೆ ವೇಫರ್ ಮುಟ್ಟಬಾರದೆಂಬ ನಿಯಮ ಬರಿಯ ಸಂಪ್ರದಾಯವಲ್ಲ.

ರಾಸಾಯನಿಕಗಳಲ್ಲಿ ಹೈಡ್ರೋಫ್ಲೋರಿಕ್ ಆಮ್ಲವನ್ನು ಪ್ರತ್ಯೇಕವಾಗಿ ತಿಳಿದಿರಬೇಕು. ದುರ್ಬಲ ದ್ರಾವಣ ಚರ್ಮಕ್ಕೆ ತಗಲಿದಾಗ ಕೂಡಲೇ ನೋವಾಗದಿರಬಹುದು, ಆದರೆ ಒಳಗಿಳಿದು ದೇಹದ ಕ್ಯಾಲ್ಸಿಯಂನೊಡನೆ ಸೇರಿ ಪ್ರಾಣಕ್ಕೇ ಕುತ್ತು ತರಬಲ್ಲದು. ತಗಲಿದ ಕೂಡಲೇ ನೀರಿನಿಂದ ತೊಳೆದು, ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ, ನೋವಿಲ್ಲದಿದ್ದರೂ ವೈದ್ಯರ ಬಳಿಗೆ ಹೋಗಲೇಬೇಕು. ಸೈಲೇನ್ ಗಾಳಿಗೆ ಬಂದರೆ ತಾನಾಗಿ ಹೊತ್ತಿಕೊಳ್ಳುತ್ತದೆ; ಆರ್ಸೀನ್ ಮತ್ತು ಫಾಸ್ಫೀನ್ ತೀವ್ರ ವಿಷಾನಿಲಗಳು. ಅಪಾಯದ ಸ್ಥಿತಿಯಲ್ಲಿ ಯಂತ್ರ ಓಡದಂತೆ ತಡೆಯುವ ಇಂಟರ್‌ಲಾಕನ್ನು ತಪ್ಪಿಸಿ ಕೆಲಸ ಮಾಡಲು ಮೇಲಿನವರೇ ಹೇಳಿದರೂ ಒಪ್ಪಬಾರದು.

ಹಂತ 7: ಅರ್ಜಿ ಮತ್ತು ಸಂದರ್ಶನ

ಕಂಪನಿಯ ಸ್ವಂತ ಜಾಲತಾಣ ಮತ್ತು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗ, ಇವೆರಡೇ ನಂಬಲರ್ಹ ದಾರಿಗಳು. ಕೆಲಸ ಕೊಡಿಸುತ್ತೇವೆಂದು ಮುಂಗಡ ಕೇಳುವವರು ವೀಸಾ ಏಜೆಂಟರ ರೂಪದಲ್ಲಿ ನಮ್ಮ ಜಿಲ್ಲೆಗೆ ಹಳೆಯ ಪರಿಚಯ. ಚಿಪ್‌ನ ಹೆಸರು ಹೇಳಿದರೂ ಅವರ ಕೆಲಸ ಅದೇ.

ಸಂದರ್ಶನದಲ್ಲಿ ಬರಬಹುದಾದ ಒಂದು ಪ್ರಶ್ನೆಯನ್ನು ವಿವರವಾಗಿ ನೋಡೋಣ. “ನಿರ್ವಹಣೆ ಮುಗಿಸಿ ಹೊರಬಂದ ಎಚಿಂಗ್ ಚೇಂಬರಿನ ವೇಗ ಶೇಕಡಾ 8 ಇಳಿದಿದೆ. ಏನು ಮಾಡುತ್ತೀರಿ?” ಸಮಯವನ್ನು ಶೇಕಡಾ 8 ಹೆಚ್ಚಿಸುತ್ತೇನೆ ಎಂಬುದು ಅತಿ ಕೆಟ್ಟ ಉತ್ತರ, ಏಕೆಂದರೆ ರೋಗವನ್ನು ಅದು ಮುಚ್ಚಿಡುತ್ತದೆ. ಮೊದಲು ಆ ಚೇಂಬರಿಗೆ ಉತ್ಪಾದನೆಯ ವೇಫರ್ ಹೋಗದಂತೆ ತಡೆದು, ಈಗಾಗಲೇ ಹೋಗಿದ್ದರೆ ಆ ಲಾಟ್‌ಗಳನ್ನು (ಒಟ್ಟಿಗೆ ಸಾಗುವ ವೇಫರ್‌ಗಳ ಗುಂಪುಗಳನ್ನು) ಹೋಲ್ಡ್‌ನಲ್ಲಿಡಬೇಕು, ಅಂದರೆ ಮುಂದಿನ ಹಂತಕ್ಕೆ ಹೋಗದಂತೆ ತಡೆದಿಡಬೇಕು. ಬಳಿಕ ಅಳತೆಯೇ ತಪ್ಪಿದೆಯೇ ಎಂದು ರೆಫರೆನ್ಸ್ ವೇಫರ್ ಅಳೆದು ನೋಡಬೇಕು. ಅಳತೆ ಸರಿಯಿದ್ದರೆ ಪಕ್ಕದ ಚೇಂಬರಿನಲ್ಲೂ ಹೀಗಾಗಿದೆಯೇ ಎಂಬ ಪ್ರಶ್ನೆ. ಆಗಿದ್ದರೆ ಕಾರಣ ಅನಿಲ ಪೂರೈಕೆಯಲ್ಲೋ ಒಳಬರುವ ವೇಫರಿನಲ್ಲೋ ಇರಬಹುದು. ಈ ಚೇಂಬರಿಗಷ್ಟೇ ಸೀಮಿತವಾದರೆ ನಿರ್ವಹಣೆಯಲ್ಲಿ ಯಾವ ಭಾಗ ಬದಲಾಯಿತು, ಸೋರಿಕೆ ಪರೀಕ್ಷೆ ಆಯಿತೇ, ಗೋಡೆಗಳು ಹದಕ್ಕೆ ಬರುವಷ್ಟು ಸೀಸನಿಂಗ್ ವೇಫರ್‌ಗಳನ್ನು ಓಡಿಸಿದರೇ, ಒತ್ತಡ, ಅನಿಲದ ಹರಿವು, ಹಿಂತಿರುಗುವ ಆರ್‌ಎಫ್ ಶಕ್ತಿ ಹಿಂದಿನ ದಾಖಲೆಗೆ ಹೊಂದುತ್ತವೆಯೇ ಎಂದು ಅನುಕ್ರಮವಾಗಿ ನೋಡಬೇಕು. ನಿಮ್ಮ ಉತ್ತರ ಕೊನೆಗೆ ಯಾವ ಕಾರಣಕ್ಕೆ ತಲಪಿತೆಂಬುದಕ್ಕಿಂತ ಈ ಕ್ರಮ ಮುಖ್ಯ.

ಹಂತ 8: ಸೇರಿದ ಮೇಲಿನ ಮೊದಲ ತಿಂಗಳುಗಳು

ಅನೇಕ ಫ್ಯಾಬ್‌ಗಳಲ್ಲಿ 12 ಗಂಟೆಗಳ ಪಾಳಿ ಇರುತ್ತದೆ, ರಾತ್ರಿ ಪಾಳಿಯೂ ಇರುತ್ತದೆ. ಪಾಳಿ ಮುಗಿಸುವಾಗ ಮುಂದಿನವರಿಗೆ ಬರೆದಿಡುವ ಪಾಸ್‌ಡೌನ್ ಟಿಪ್ಪಣಿ ನಿಮ್ಮ ಹೆಸರನ್ನು ಉಳಿಸುವ ಇಲ್ಲವೇ ಕೆಡಿಸುವ ವಸ್ತು. “ಎರಡನೇ ಚೇಂಬರಿನಲ್ಲಿ ಸ್ವಲ್ಪ ತೊಂದರೆ, ಗಮನಿಸಿ” ಎಂಬುದು ಟಿಪ್ಪಣಿಯಲ್ಲ. “ಎರಡನೇ ಚೇಂಬರ್: ರಾತ್ರಿ 2.10ರ ಮಾನಿಟರ್‌ನಲ್ಲಿ ಎಚಿಂಗ್ ವೇಗ ನಿಮಿಷಕ್ಕೆ 111, ಗುರಿ 120. ಮರು ಅಳತೆಯಲ್ಲೂ ಅಷ್ಟೇ. ಮೂರು ಲಾಟ್ ಹೋಲ್ಡ್‌ನಲ್ಲಿವೆ. ಸೋರಿಕೆ ಪರೀಕ್ಷೆ ಬಾಕಿ. ಅದಾಗುವವರೆಗೆ ಚೇಂಬರ್ ತೆರೆಯಬೇಡಿ” ಎಂಬುದು ಟಿಪ್ಪಣಿ.

ಹೋಲ್ಡ್‌ನಲ್ಲಿರುವ ಲಾಟನ್ನು ಬಿಡುವುದೋ, ಮರುಸಂಸ್ಕರಿಸುವುದೋ, ಎಸೆಯುವುದೋ ಎಂಬ ತೀರ್ಮಾನದ ಅಧಿಕಾರ ಮೊದಲಿಗೆ ನಿಮಗಿರುವುದಿಲ್ಲ. ಆದರೂ ಹಿರಿಯರ ಬಳಿಗೆ ಹೋಗುವಾಗ ದತ್ತಾಂಶದ ಜತೆಗೆ ನಿಮ್ಮದೊಂದು ಶಿಫಾರಸನ್ನೂ ಕಾರಣಸಮೇತ ಒಯ್ಯಿರಿ. ಅವರು ಬೇರೆಯೇ ತೀರ್ಮಾನ ಕೊಟ್ಟಾಗ ಏಕೆಂದು ಕೇಳಿ ಬರೆದಿಟ್ಟುಕೊಳ್ಳಿ. ಕಂಪನಿಯ ರೆಸಿಪಿ, ಚಿತ್ರ, ದತ್ತಾಂಶಗಳನ್ನು ಮಾತ್ರ ಸ್ವಂತ ಮೊಬೈಲಿನಲ್ಲೋ ಟಿಪ್ಪಣಿ ಪುಸ್ತಕದಲ್ಲೋ ಹೊರಗೊಯ್ಯಬಾರದು. ಅದಕ್ಕೆ ಕೆಲಸ ಹೋಗುವುದಷ್ಟೇ ಅಲ್ಲ, ಮೊಕದ್ದಮೆಯೂ ಆಗಬಹುದು.

ಕೆಲವು ತಿಂಗಳ ಬಳಿಕ ನಿಮ್ಮದೇ ಸಣ್ಣ ಸುಧಾರಣೆಯೊಂದನ್ನು ವಹಿಸಿಕೊಡುತ್ತಾರೆ. ದೊಡ್ಡದನ್ನು ಆರಿಸಬೇಡಿ. ಒಂದು ಯಂತ್ರದ ಮಾನಿಟರ್ ವೇಫರ್ ಖರ್ಚು ಕಡಿಮೆ ಮಾಡುವುದು, ಪದೇ ಪದೇ ಬರುವ ಒಂದು ಸುಳ್ಳು ಎಚ್ಚರಿಕೆಯ ಮೂಲ ಹುಡುಕುವುದು, ಇಂಥವು ಸಾಕು. ಬದಲಾವಣೆ ಬೇಕೆಂದು ಕಂಡರೆ ರೆಸಿಪಿಯನ್ನು ನೇರವಾಗಿ ಮುಟ್ಟದೆ ಬದಲಾವಣೆಯ ಅರ್ಜಿ ಬರೆಯಿರಿ: ಈಗಿನ ಸ್ಥಿತಿಯ ಚಾರ್ಟ್, ಪ್ರಸ್ತಾವಿತ ಮೌಲ್ಯ, ಯಾವ ಮುಂದಿನ ಹಂತಕ್ಕೆ ತೊಂದರೆಯಾಗಬಹುದು, ಒಂದೇ ಲಾಟಿನ 25 ವೇಫರ್‌ಗಳಲ್ಲಿ ಅರ್ಧಕ್ಕೆ ಹಳೆಯದನ್ನೂ ಅರ್ಧಕ್ಕೆ ಹೊಸದನ್ನೂ ಓಡಿಸಿ ಹೋಲಿಸಿದ ಫಲಿತಾಂಶ. ಒಪ್ಪಿಗೆ ಸಿಕ್ಕಿದ ಮೇಲೂ ಹೊಸ ರೆಸಿಪಿಗೆ ಹೊಸ ಆವೃತ್ತಿ ಸಂಖ್ಯೆ ಕೊಟ್ಟು, ಹಳೆಯದನ್ನು ಅಳಿಸದೆ ಇಟ್ಟು, ಆ ವೇಫರ್‌ಗಳು ಕೊನೆಯ ವಿದ್ಯುತ್ ಪರೀಕ್ಷೆ ಮುಗಿಸಿ ಬರುವವರೆಗೆ ಅವುಗಳ ಪಟ್ಟಿಯನ್ನು ನಿಮ್ಮ ಮೇಜಿನಲ್ಲಿ ಇಟ್ಟುಕೊಳ್ಳಿ.